ಋಶ್ಯಶೃಂಗನ ಶಕಾರ

ಶೃಂಗೇರಿಯ ಹೆಸರಿನ ಮೂಲವನ್ನು ಹೇಳುವ ಬರಹಗಳಲ್ಲಿ ಒಂದು ತಪ್ಪು ಹಠ ಹಿಡಿದು ಉಳಿದಿದೆ. ಕಿಗ್ಗದಲ್ಲಿ ಮಳೆಗಾಗಿ ಪೂಜೆಗೊಳ್ಳುವ ಋಶ್ಯಶೃಂಗನಿಂದ ಊರಿಗೆ ಹೆಸರಾಯಿತೆಂಬುದು ಸ್ಥಳಪರಂಪರೆ. ಅದರ ಮೇಲೆ ನನ್ನ ತಕರಾರಿಲ್ಲ. ಕೊಪ್ಪ, ನರಸಿಂಹರಾಜಪುರಗಳ ಕಡೆಯೂ ಕಿವಿಗೆ ಬೀಳುವ ‘ಕೊಂಬುಳ್ಳ ಋಷಿ, ಆದ್ದರಿಂದ ಋಷ್ಯಶೃಂಗ’ ಎಂಬ ವಿವರಣೆಯ ಮೇಲೆ ತಕರಾರಿದೆ.

ಋಷಿ, ಶೃಂಗ ಎರಡೂ ಸಮಾಸಗೊಂಡರೆ ‘ಋಷಿಶೃಂಗ’ ಆಗಬೇಕು. ಇಕಾರವು ಯಕಾರವಾಗುವ ಯಣ್ ಸಂಧಿಗೆ ಮುಂದೆ ಅಸವರ್ಣ ಸ್ವರವಿರಬೇಕು, ಇಲ್ಲಿರುವುದು ವ್ಯಂಜನ. ತದ್ಧಿತವೆನ್ನೋಣವೆಂದರೆ ಅದರ ರೂಪ ‘ಆರ್ಷ’. ಆ ಯಕಾರ ಪ್ರಕೃತಿಯದೇ. ಋಶ್ಯವೆಂದರೆ ಹುಲ್ಲೆಯ ಒಂದು ಜಾತಿ. ನೀರಡಿಸಿ ಬರುವ ಈ ಮೃಗದ ಉಪಮೆ ಋಗ್ವೇದದ 8ನೆಯ ಮಂಡಲದಲ್ಲಿದೆ. ಅಮರಕೋಶ ಇದನ್ನು ಮೃಗಗಳ ಸಾಲಿನಲ್ಲಿ ಸೇರಿಸಿದೆ. ಋಶ್ಯದ ಕೊಂಬಿನಂಥ ಕೊಂಬುಳ್ಳವನು ಋಶ್ಯಶೃಂಗ: ನೇರವಾದ ಬಹುವ್ರೀಹಿ. ಅವನು ಹುಲ್ಲೆಯ ಹೊಟ್ಟೆಯಲ್ಲಿ ಹುಟ್ಟಿದವನೆಂದು ಮಹಾಭಾರತವೇ ಹೇಳುತ್ತದೆಯಲ್ಲ!

ಶಕಾರವೋ ಷಕಾರವೋ, ಬರಿಯ ಕಾಗುಣಿತದ ಮಾತು ಎನ್ನುವವರು ಸ್ಲಾವಿಕ್ ಭಾಷೆಗಳತ್ತ ನೋಡಬೇಕು. ಉತ್ತರದ ಕಾಡುಗಳ ದೊಡ್ಡ ಕಡವೆಗೆ ರಷ್ಯನ್ನಿನಲ್ಲಿ ‘ಲೋಸ್’, ಪೋಲಿಷ್‌ನಲ್ಲಿ ‘ವೋಶ್’. ಆದಿಸ್ಲಾವಿಕ್ ರೂಪ ‘ಒಲ್ಸಿ’. ಸ್ವರ ಲಕಾರಗಳು ಸ್ಥಾನ ಬದಲಿಸಿ ‘ಲೋಸ್’ ಆಯಿತು. (ಪ್ರಾಣಿವಾಚಿ ಪುಲ್ಲಿಂಗವಾದುದರಿಂದ ರಷ್ಯನ್ನಿನಲ್ಲಿ ಇದರ ದ್ವಿತೀಯೆಗೂ ಷಷ್ಠಿಗೂ ಒಂದೇ ರೂಪ, ‘ಲೋಸ್ಯಾ’, ಪ್ರಾಣಿಗಳನ್ನೆಲ್ಲ ನಪುಂಸಕವೆನ್ನುವ ಕನ್ನಡಿಗನಿಗೆ ಸೋಜಿಗ.) ಹಳೆಯ ಜರ್ಮನ್ನಿನಲ್ಲಿ ‘ಎಲಹೊ’. ಭಾಷಾಶಾಸ್ತ್ರಜ್ಞರು ಋಶ್ಯವನ್ನು ಈ ಕುಟುಂಬಕ್ಕೆ ಸೇರಿಸುತ್ತಾರೆ. ಮೂಲದ ತಾಲವ್ಯ ಕಕಾರ ಸಂಸ್ಕೃತದಲ್ಲಿ ಶಕಾರ, ಸ್ಲಾವಿಕ್‌ನಲ್ಲಿ ಸಕಾರ, ಜರ್ಮನ್ನಿನಲ್ಲಿ ಹಕಾರ. ಷಕಾರ ಬರೆದೊಡನೆ ಈ ಸಾಕ್ಷಿಯೇ ಅಳಿಸಿಹೋಗುತ್ತದೆ.

ಇಷ್ಟು ಕೇಳಿದೊಡನೆ, ಸ್ಲಾವರು ನಮ್ಮಿಂದಲೇ ಕಡ ತಂದರೆಂದು ಕುಣಿಯುವವರೂ ಇದ್ದಾರೆ. ತಂದಿದ್ದರೆ ನಮ್ಮ ಋಕಾರದ ಜಾಗದಲ್ಲಿ ಅವರಲ್ಲಿ ಲಕಾರವೇಕೆ? ಶಕಾರದಿಂದ ಜರ್ಮನ್ ಹಕಾರ ಹುಟ್ಟಿದ್ದು ಹೇಗೆ? ಇದು ದಾಯಾದಿತನ, ಸಾಲವಲ್ಲ.

ಗೊಂದಲ ಹೊಸದಲ್ಲವೆಂದು ಒಪ್ಪಬೇಕು. ಮೂರು ಊಷ್ಮಗಳೂ ಸಕಾರದಲ್ಲಿ ಒಂದಾಗುವ ಪಾಳಿಯ ಜಾತಕಗಳಲ್ಲಿ ಅವನು ಆಗಲೇ ‘ಇಸಿಸಿಂಗ’, ಇಸಿಯೆಂದರೆ ಋಷಿ. ಪಾಳಿಗೆ ಆ ನೆಪವುಂಟು. ಮೂರನ್ನೂ ಬೇರೆಬೇರೆ ಅಕ್ಷರಗಳಲ್ಲಿ ಬರೆಯುವ ಕನ್ನಡಕ್ಕೆ ಯಾವ ನೆಪ? ನಮ್ಮ ಜೈನ ಕಥನಕಾರರು ಈ ತೊಡಕಿಗೆ ಸಿಕ್ಕಲೇ ಇಲ್ಲ. ಸಂಘದಾಸನ ವಸುದೇವಹಿಂಡಿಯಲ್ಲಿ ಹೆಣ್ಣನ್ನೇ ಅರಿಯದೆ ಕಾಡಿನಲ್ಲಿ ಬೆಳೆದವನ ಹೆಸರು ವಲ್ಕಲಚೀರಿ. ಆ ಹೆಸರಿನಲ್ಲಿ ನಾರುಮಡಿಯಿದೆ, ಕೊಂಬಿಲ್ಲ.