ಬಾಗಿನ ಆಮೇಲೆ, ಮೊದಲು ಕೋಡಿಯ ಮಾದರಿ ಕಟ್ಟಿ

ಕೆರೆ ಕೋಡಿ ಬಿದ್ದರೆ ನಮ್ಮ ಕಡೆ ಹಬ್ಬ. ಶಾಸಕರು ಬಂದು ಬಾಗಿನ ಬಿಡುತ್ತಾರೆ, ನಾವೂ ಕೋಡಿ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತೇವೆ. ಆ ಕೋಡಿ ಎಷ್ಟು ನೀರನ್ನು ಹೊರಗೆ ಬಿಡಬಲ್ಲದು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಈಗ ಕೇಳಲೇಬೇಕು. ಯಗಚಿ ನೀರನ್ನು ಹಳೇಬೀಡು, ಮಾದಿಹಳ್ಳಿ ಕಡೆಯ ಕೆರೆಗಳಿಗೆ ತರಲು ರಣಘಟ್ಟ ಯೋಜನೆ ಬಂದಿದೆ. ಎತ್ತಿನಹೊಳೆ ಕಾಲುವೆ ಅರಸೀಕೆರೆ ತಾಲ್ಲೂಕಿನ ಮೇಲೇ ಹಾದುಹೋಗುತ್ತದೆ. ನೀರು ಬರಲಿ, ಬೇಡ ಎನ್ನುವವರು ನಾವಲ್ಲ. ಆದರೆ ಅರ್ಧ ಖಾಲಿ ಇದ್ದ ಕೆರೆ ದೊಡ್ಡ ಮಳೆಯನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ಮೊದಲೇ ತುಂಬಿಸಿಟ್ಟ ಕೆರೆಗೆ ಅದೇ ಮಳೆ ಹೊಡೆದರೆ ಬಂದ ನೀರಿನ ಬಹುಪಾಲು ಕೋಡಿಯಲ್ಲೇ ಹೋಗಬೇಕು. ಹೋಗದಿದ್ದರೆ ಏರಿ ಹತ್ತುತ್ತದೆ. ಮಣ್ಣಿನ ಏರಿ ಮೇಲೆ ನೀರು ಹರಿದರೆ ಕಥೆ ಮುಗಿಯಿತು.

ಗುಜರಾತಿನ ಮಚ್ಚು-2 ಅಣೆಕಟ್ಟೆಯಲ್ಲಿ 1979ರ ಆಗಸ್ಟ್ 11ರಂದು ಆದದ್ದು ಇದೇ. ಕೋಡಿಯ ಶಕ್ತಿ ಮೀರಿ ಪ್ರವಾಹ ಬಂತು, ಮಣ್ಣಿನ ಏರಿ ಕೊಚ್ಚಿಹೋಯಿತು, ಕೆಳಗಿದ್ದ ಮೋರ್ಬಿ ಪಟ್ಟಣ ಮುಳುಗಿ ಸಾವಿರಾರು ಜನ ಸತ್ತರು.

ದೊಡ್ಡ ಅಣೆಕಟ್ಟೆಗಳಿಗೆ ಇದನ್ನು ಮೊದಲೇ ಪರೀಕ್ಷಿಸುವ ದಾರಿ ಇದೆ. ಅಳತೆಗೆ ಸರಿಯಾಗಿ ಚಿಕ್ಕ ಮಾದರಿ ಕಟ್ಟಿ, ನೀರು ಹರಿಸಿ ನೋಡುತ್ತಾರೆ. ಕನ್ನಂಬಾಡಿ ಪಕ್ಕದಲ್ಲೇ ಇದಕ್ಕಾಗಿ 1944ರಿಂದ ಸಂಶೋಧನಾ ಕೇಂದ್ರವಿದೆ. ನೀರು ಎಲ್ಲಿ ಸುಳಿಯುತ್ತದೆ, ಪಕ್ಕದ ಗೋಡೆ ಎಲ್ಲಿ ಗಿಡ್ಡವಾಯಿತು, ಕೋಡಿ ಬುಡ ಎಲ್ಲಿ ಕೊರೆಯುತ್ತದೆ, ಎಲ್ಲ ಕಣ್ಣೆದುರು ಕಾಣುತ್ತದೆ.

ನಮ್ಮ ಕೆರೆಗಳಿಗೆ ಯಾಕಿಲ್ಲ? ಖರ್ಚು ಜಾಸ್ತಿ ಅನ್ನುತ್ತಾರೆ. ಲೆಕ್ಕ ಹಾಕೋಣ. 25 ಅಡಿಯನ್ನು 1 ಅಡಿಗೆ ಇಳಿಸಿದ ಮಾದರಿಗೆ ಬೇಕಾದ ಹರಿವು ನಿಜದ ಹರಿವಿನ 3,125ನೇ ಒಂದು ಪಾಲು. ಅಂದರೆ 1,000 ಕ್ಯೂಸೆಕ್ ಹರಿವಿಗೆ ಸೆಕೆಂಡಿಗೆ ಸುಮಾರು 9 ಲೀಟರ್. ತೋಟದ ಒಳ್ಳೆ ಪಂಪ್‌ಸೆಟ್ ಕೊಡುವಷ್ಟು! ಒಂದು ಗಂಟೆಯ ಪ್ರವಾಹ 12 ನಿಮಿಷದಲ್ಲಿ ಮುಗಿಯುತ್ತದೆ. ಹಾಸನದಲ್ಲಿ ಎಂಜಿನಿಯರಿಂಗ್ ಕಾಲೇಜು ಇಲ್ಲವೇ, ಹುಡುಗರಿಲ್ಲವೇ?

ಕಂಪ್ಯೂಟರಿನಲ್ಲೇ ಮಾಡಬಹುದಲ್ಲ ಎನ್ನುವವರಿದ್ದಾರೆ. ಮಾಡಲಿ. ಆದರೆ ಕಂಪ್ಯೂಟರ್ ಪರದೆಯ ಮುಂದೆ ನಮ್ಮ ನೀರುಗಂಟಿ ಬಾಯಿ ಬಿಡುವುದಿಲ್ಲ. ಹರಿಯುವ ಮಾದರಿ ಮುಂದೆ ನಿಲ್ಲಿಸಿ, "ಸಾರ್, ಇಲ್ಲಿ ಲಂಟಾನ ಬಂದು ಸಿಕ್ಕಾಕ್ಕೊಳ್ಳುತ್ತೆ" ಅಂತ ಕೈ ತೋರಿಸುತ್ತಾನೆ. ಒಂದು ಬೆಳೆ ಹೆಚ್ಚು ಸಿಗಲಿ ಎಂದು ಕೋಡಿಗೆ ಕಲ್ಲು, ಮರಳುಮೂಟೆ ಇಟ್ಟು ಎತ್ತರಿಸುವವರು ನಾವೇ, ಕೋಡಿಹಳ್ಳ ಒತ್ತಿ ಅಡಿಕೆ ಇಟ್ಟವರೂ ನಾವೇ. ಮಾದರಿಯಲ್ಲೂ ಆ ಮೂಟೆ ಇಟ್ಟು ನೋಡೋಣ, ನೀರು ಯಾರ ಮನೆ ಕಡೆ ತಿರುಗುತ್ತದೆಂದು.

ಮಾದರಿಯಿಂದ ಎಲ್ಲವೂ ತಿಳಿಯುವುದಿಲ್ಲ, ನಿಜ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟ್ ಹೋದದ್ದು ಚೈನ್ ತುಂಡಾಗಿ. ಅಂಥದ್ದನ್ನು ತಡೆಯಲು ವರ್ಷವರ್ಷ ಹತ್ತಿ ನೋಡುವವರು ಬೇಕು. ನಮ್ಮ ಕೆರೆಗಳಿಗೆ ಗೇಟೂ ಇಲ್ಲ, ಚೈನೂ ಇಲ್ಲ. ಇರುವುದು ಒಂದು ಕೋಡಿ. ಅದನ್ನಾದರೂ ಪರೀಕ್ಷಿಸಬಾರದೇ?

ಹೊಯ್ಸಳರ ರಾಜಧಾನಿಗೆ ಹೆಸರು ಕೊಟ್ಟ ದ್ವಾರಸಮುದ್ರ ಕೆರೆಯಿಂದಲೇ ಶುರುವಾಗಲಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡೇ ಮಾತು ಕೇಳಿ: ನಮ್ಮ ಕೋಡಿ ಎಷ್ಟು ಕ್ಯೂಸೆಕ್ ಬಿಡುತ್ತದೆ? ಅದನ್ನು ಯಾರು, ಯಾವಾಗ ನೀರು ಹರಿಸಿ ನೋಡಿದ್ದಾರೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಫೋಟೊ ನಮಗೂ ಕಳಿಸಿ.