ತನಗಾಗಿ ಬೇಡದ ಹಾಡು

ಮನೆಯಲ್ಲಿ ಯಾರಾದರೂ ಜ್ವರ ಬಂದು ಮಲಗಿದರೆ ನಮ್ಮಜ್ಜಿ ಗೋಪಾಲದಾಸರ ಧನ್ವಂತರಿ ಕೀರ್ತನೆ ಹಾಡುತ್ತಾರೆ. ಹಾಗಂತ ಔಷಧ ಬಿಡಿಸುವವರಲ್ಲ. ‘ಮೊದಲ ಗುಳಿಗಿ ನುಂಗು, ಆಮ್ಯಾಲೆ ಹಾಡು ಕೇಳು’ ಎನ್ನುತ್ತಾರೆ. ಈಗ ಅದೇ ಹಾಡು ‘ಕೇಳಿದರೆ ರೋಗ ಮಾಯ’ ಎಂಬ ತಲೆಬರಹ ಹೊತ್ತು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ಹಾಡನ್ನು ಸಣ್ಣದು ಮಾಡುವ ಕೆಲಸ ಅನಿಸುತ್ತದೆ ನನಗೆ.

ಹಾಡಿನ ಹಿಂದೊಂದು ಕತೆಯಿದೆ. ಮಾನ್ವಿ ತಾಲ್ಲೂಕಿನ ಬ್ಯಾಗವಾಟದ ಶ್ರೀನಿವಾಸಾಚಾರ್ಯರು ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ತಾತ್ಸಾರ. ಚೀಕಲಪರ್ವಿಯ ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವು ಎಂದು ನೆಪ ಹೇಳಿದರಂತೆ. ಮುಂದೆ ಆ ನೋವು ನಿಜವಾಗಿಯೇ ಬಂತಂತೆ. ಆಗ ಅವರಿಗಾಗಿ ಬೇಡಿಕೊಂಡವರು ವಿಜಯದಾಸರ ಶಿಷ್ಯ, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು. ತಮ್ಮ ಆಯುಷ್ಯದಲ್ಲಿ 40 ವರ್ಷ ಕೊಟ್ಟರು ಎನ್ನುತ್ತಾರೆ. ಗೋಪಾಲದಾಸರು 1762ರಲ್ಲಿ ತೀರಿಕೊಂಡರು. ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾಗಿ 1809ರವರೆಗೆ ಬದುಕಿ, ‘ಹರಿಕಥಾಮೃತಸಾರ’ವನ್ನು ಕನ್ನಡದಲ್ಲೇ ಬರೆದರು.

ಆಯುಷ್ಯ ದಾನ ಕೊಡಲು ಬರುತ್ತದೆಯೇ? ನಾನು ನಂಬಲಾರೆ. ಆದರೆ ಹಾಡನ್ನೊಮ್ಮೆ ಗಮನವಿಟ್ಟು ಕೇಳಿ. ಇವನಿನ್ನೂ ಚಿಕ್ಕವನು, ಇವನ ನೋವು ಬಿಡಿಸು ಎಂಬ ಮೊರೆ ಅದು. ಕೇಳುವವನಿಗೆ ಕಾಯಿಲೆ ಇಲ್ಲ. ಅದೂ ತನ್ನ ಗುರುವನ್ನೇ ಕಡೆಗಣಿಸಿದವನಿಗಾಗಿ ಕೇಳುತ್ತಿದ್ದಾನೆ. ಹಾಡಿನ ಶಕ್ತಿ ಇರುವುದು ಅಲ್ಲಿ.

ಅಂಥದ್ದೇ ಒಂದು ಬೇಡಿಕೆ ರಾಯಚೂರಿನಲ್ಲಿ ಈಗಲೂ ಇದೆ. ಏಮ್ಸ್ ಬೇಕೆಂದು 2022ರ ಮೇನಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ನಾನು ಹೋದ ದಿನ ಅಲ್ಲಿ ಕೂತವರಲ್ಲಿ ಹೆಚ್ಚಿನವರು ನಮ್ಮಪ್ಪನಿಗಿಂತ ಹಿರಿಯರು. ಆಸ್ಪತ್ರೆ ಕಟ್ಟಿ ಮುಗಿಯುವ ಹೊತ್ತಿಗೆ ಅದರ ಉಪಯೋಗ ಅವರಿಗಿಂತ ಹೆಚ್ಚು ನಮಗೆ. ನಮ್ಮ ತರಗತಿಯಲ್ಲಿ ಮಾತೆತ್ತಿದರೆ, ‘ಹೇಗೂ ಬೆಂಗಳೂರಿಗೆ ಹೋಗುವವರು, ನಮಗ್ಯಾಕೆ’ ಎನ್ನುತ್ತಾರೆ. ಅವರನ್ನು ಬೈಯಲು ನನಗೆ ಬಾಯಿಲ್ಲ. ನಾನೂ ಹದಿನೈದು ನಿಮಿಷ ಕೂತು, ಪಕ್ಕದ ಹಿರಿಯರಿಗೆ ‘ಲ್ಯಾಬ್ ಇದೆ ಸರ್’ ಎಂದು ಹೇಳಿ ಎದ್ದು ಬಂದೆ. ಆ ದಿನ ಲ್ಯಾಬ್ ಇರಲಿಲ್ಲ.