ತೋಪಿನ ಮಣ್ಣಿಗೂ ತಪಾಸಣೆ ಬೇಕು

ಕೋಲಾರ, ಚಿಕ್ಕಬಳ್ಳಾಪುರದ ನೀಲಗಿರಿ ತೋಪುಗಳ ಲೆಕ್ಕ ಟನ್ನುಗಳಲ್ಲೇ ಮುಗಿದುಹೋಗುತ್ತದೆ; ಕಡಿದ ಮೇಲೆ ಮಣ್ಣಿನಲ್ಲಿ ಎಷ್ಟು ಜೀವ ಉಳಿದಿದೆ ಎಂದು ಕೇಳುವವರು ಕಡಿಮೆ. 2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ (ಅದೂ ಹೊಲಕ್ಕೆ, ತೋಪಿಗಲ್ಲ) ಸಾವಯವ ಇಂಗಾಲವಿದೆ, ಸೂಕ್ಷ್ಮಜೀವಿಗಳಿಲ್ಲ. ಒಟ್ಟು ಇಂಗಾಲದ ಬದಲಾವಣೆ ಕಣ್ಣಿಗೆ ಬೀಳಲು ವರ್ಷಗಳೇ ಬೇಕು. ಅದರ ಸಣ್ಣ ಪಾಲಾದ ಸೂಕ್ಷ್ಮಜೀವಿಗಳ ಇಂಗಾಲ ಬಹುಬೇಗ ಏರಿಳಿಯುವುದರಿಂದ ಕೆಡುಕಿನ ಸುಳಿವು ಮೊದಲು ಅಲ್ಲೇ ಸಿಗುತ್ತದೆ. ಒಣನಾಡಿನಲ್ಲಿ ಒಂದು ಮಳೆ ಬಿದ್ದರೆ ಈ ಜೀವಿಗಳ ಚಟುವಟಿಕೆ ತೋರುವ ಮಣ್ಣಿನ ಉಸಿರಾಟ ದಿಢೀರನೆ ಏರುತ್ತದೆ, ಇಂಥ ಅಳತೆಯನ್ನು ನಂಬುವುದು ಹೇಗೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಪ್ರತಿ ಸಲ ಒಂದೇ ಋತುವಿನಲ್ಲಿ ಮಣ್ಣು ತೆಗೆದು, ಒಂದೇ ತೇವಕ್ಕೆ ತಂದು, ಪಕ್ಕದ ಕುರುಚಲು ಕಾಡಿನ ಮಣ್ಣಿನೊಡನೆ ಹೋಲಿಸಿದರೆ ಆ ತೊಡಕು ಬಹುಮಟ್ಟಿಗೆ ನೀಗುತ್ತದೆ. ಇದಕ್ಕೆ ದುಬಾರಿ ಡಿಎನ್‌ಎ ಪರೀಕ್ಷೆ ಎಲ್ಲೆಡೆ ಬೇಕಿಲ್ಲ. ಕಟಾವಿಗೆ ಮೊದಲು ಮತ್ತು ಅನಂತರ ಸೂಕ್ಷ್ಮಜೀವಿಗಳ ಇಂಗಾಲ ಮತ್ತು ಉಸಿರಾಟದ ಅಳತೆಯನ್ನು ಅರಣ್ಯ ಇಲಾಖೆ ತನ್ನ ಕಾರ್ಯಯೋಜನೆಗಳಲ್ಲಿ ಕಡ್ಡಾಯ ಮಾಡಲಿ.